ಹಾಲುಕ್ಕಿತು, ಹಾಲ್ ಖಾಲಿಯೇ ಇರಲಿ

ನನ್ನ ತಂಗಿ ಮಗಳಿಗೆ ವೈಶಾಖದಲ್ಲಿ ಮದುವೆಯಾಯಿತು. ಜ್ಯೇಷ್ಠ ಮುಗಿಯುವುದರೊಳಗೆ ಬೆಂಗಳೂರಿನ ನಾಗರಭಾವಿಯಲ್ಲಿ ಒಂದು ಬೆಡ್‌ರೂಮಿನ ಬಾಡಿಗೆ ಮನೆ ಸಿಕ್ಕಿತು. ಪಕ್ಕದ ಮನೆಯವರ ಸ್ಟವ್ ಕೇಳಿ ತಂದು ಹಾಲುಕ್ಕಿಸಿದರು. ಅಷ್ಟರಲ್ಲಿ ಆಷಾಢ ಬಂತು. ಹೊಸ ಮದುಮಗಳು ಆಷಾಢದಲ್ಲಿ ಗಂಡನ ಮನೆಯಲ್ಲಿ ಇರಬಾರದು ಎಂದು ನಮ್ಮಮ್ಮ ಹಟ ಹಿಡಿದರು. 'ಅದು ಗಂಡನ ಮನೆ ಅಲ್ಲ ಅಜ್ಜಿ, ಓನರ್ ಮನೆ' ಎಂದು ಹುಡುಗಿ ವಾದ ಮಾಡಿ ನೋಡಿದಳು. ಗೆಲ್ಲಲಿಲ್ಲ. ಲ್ಯಾಪ್‌ಟಾಪ್ ಹೆಗಲಿಗೇರಿಸಿಕೊಂಡು ತಿಪಟೂರಿನ ತವರಿಗೆ ಹೋದಳು. ಖಾಲಿ ಮನೆಯಲ್ಲಿ ಉಳಿದವನು ಅಳಿಯ ಒಬ್ಬನೇ. ಜೊತೆಗೆ ಒಂದು ಚಾಪೆ, ಒಂದು ಬಕೆಟ್ಟು, ಒಂದು ಚೊಂಬು, ಫೋನಿನ ಚಾರ್ಜರು.

ಅಜ್ಜಿಯ ಆ ಹಟ ಅವರಿಗೆ ಉಳಿಸಿಕೊಟ್ಟಷ್ಟು ದುಡ್ಡನ್ನು ಯಾವ ಆಷಾಢ ಸೇಲೂ ಉಳಿಸಿಕೊಟ್ಟಿಲ್ಲ.

ಮದುವೆಗೆ ಮೊದಲೇ ಇಬ್ಬರೂ ಕೂತು ಒಂದು ಪಟ್ಟಿ ಮಾಡಿದ್ದರು. ನನಗೂ ಕಳಿಸಿದ್ದರು. ಸೋಫಾ ಸೆಟ್ಟು, ಅದರ ಮುಂದೆ ಗಾಜಿನ ಟೀಪಾಯಿ, ಎದುರಿಗೆ ಟೀವಿ ಯೂನಿಟ್ಟು, ಅದರ ಮೇಲೆ 43 ಇಂಚಿನ ಟೀವಿ, ನಾಲ್ಕು ಕುರ್ಚಿಯ ಊಟದ ಮೇಜು, ಕಿಂಗ್ ಸೈಜ್ ಮಂಚ, ಮೂರು ಬಾಗಿಲ ವಾರ್ಡ್‌ರೋಬು. ಒಟ್ಟು 1.9 ಲಕ್ಷ. ಕೈಯಲ್ಲಿದ್ದದ್ದು 1 ಲಕ್ಷ. ಬೆಂಗಳೂರಿನಲ್ಲಿ ಸಂಸಾರ ಹೂಡುವವರ ಮೊದಲ ದೊಡ್ಡ ಖರ್ಚು ಮಂಚವೂ ಅಲ್ಲ, ಫ್ರಿಜ್ಜೂ ಅಲ್ಲ, ಅಡ್ವಾನ್ಸು. ಹತ್ತು ತಿಂಗಳ ಬಾಡಿಗೆ ಎಂಬ ಹಳೆಯ ವಾಡಿಕೆ ಈಗ ಹಲವು ಕಡೆ ಐದಾರು ತಿಂಗಳಿಗೆ ಇಳಿದಿದೆ, ಆದರೂ ಅದನ್ನು ಕಟ್ಟಿ ಬ್ರೋಕರಿಗೂ ಕೊಟ್ಟ ಮೇಲೆ ಉಳಿದದ್ದು ಅಷ್ಟೇ. ಮಿಕ್ಕ 90 ಸಾವಿರಕ್ಕೆ ಇಎಂಐ ಇದೆಯಲ್ಲ ದೊಡ್ಡಮ್ಮ, ಅದೂ ಬಡ್ಡಿಯಿಲ್ಲದೆ, ಎಂದಳು.

ಈ 'ಬಡ್ಡಿಯಿಲ್ಲದ' ಕಂತಿನ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಸೊನ್ನೆ ಬಡ್ಡಿ ಎಂಬುದೇ ಇಲ್ಲ, ಬಡ್ಡಿಯನ್ನು ಪ್ರೊಸೆಸಿಂಗ್ ಫೀ ಮುಂತಾದ ಹೆಸರಿನಲ್ಲಿ ಮರೆಮಾಚಿ ಗಿರಾಕಿಯಿಂದಲೇ ವಸೂಲು ಮಾಡುತ್ತಾರೆ ಎಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: 'ಈಗಲೇ ಪೂರ್ತಿ ದುಡ್ಡು ಕೊಟ್ಟರೆ ಎಷ್ಟಕ್ಕೆ ಕೊಡ್ತೀರಿ?' ಆ ಬೆಲೆಗೂ ಕಂತುಗಳ ಮೊತ್ತಕ್ಕೂ ಇರುವ ಅಂತರವೇ ಬಡ್ಡಿ. ನಮ್ಮ ಅಮ್ಮಂದಿರು ಚೀಟಿ ಹಾಕಿ, ಚೀಟಿ ಮುಗಿದ ತಿಂಗಳು ಮಿಕ್ಸಿ ತರುತ್ತಿದ್ದರು. ಚೀಟಿಗೂ ಅದರದ್ದೇ ಅಪಾಯಗಳಿವೆ, ನಿಜ. ಆದರೆ ಮಿಕ್ಸಿ ಕೆಟ್ಟ ಮೇಲೂ ಅದರ ಕಂತು ಕಟ್ಟುವ ಪರಿಸ್ಥಿತಿ ಅವರಿಗೆ ಬರಲಿಲ್ಲ.

ಖಾಲಿ ಮನೆಯಲ್ಲಿ ಒಂದು ತಿಂಗಳಿದ್ದ ಅಳಿಯ ಏನೇನು ಕಂಡುಕೊಂಡ ನೋಡಿ. ಬೀದಿದೀಪ ಬೆಡ್‌ರೂಮಿನ ಕಿಟಕಿಗೆ ಎದುರೇ ಇದೆ, ರಾತ್ರಿಯಿಡೀ ಬೆಳಕು ಮುಖಕ್ಕೇ ಬಡಿಯುತ್ತದೆ. ಅಡುಗೆಮನೆಯಲ್ಲಿ ದೊಡ್ಡ ಪ್ಲಗ್ ಪಾಯಿಂಟ್ ಒಂದೇ ಇದೆ, ಅದೂ ಸಿಂಕಿನ ಪಕ್ಕ. ಹೊರಗಿನ ಮೆಟ್ಟಿಲು ಎರಡೂವರೆ ಅಡಿ ಅಗಲ, ಎರಡನೇ ಮಹಡಿಯ ತಿರುವಿನಲ್ಲಿ ಗ್ಯಾಸ್ ಸಿಲಿಂಡರ್ ಹೊತ್ತವನೂ ಓರೆಯಾಗಿಯೇ ದಾಟಬೇಕು. ಬೆಡ್‌ರೂಮಿನ ಗೋಡೆಯಲ್ಲೇ ಶೆಲ್ಫುಗಳಿವೆ, ಪರದೆ ಹಾಕಿದರೆ ಅರ್ಧ ವಾರ್ಡ್‌ರೋಬು ಆದಂತೆ. ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡುವ ಅವನಿಗೆ ಚಾಪೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಎಂಟನೇ ದಿನಕ್ಕೆ ಸೊಂಟ ಹಿಡಿಯಿತು. ಆ ತಿಂಗಳಲ್ಲಿ ಒಂದು ದಿನವೂ ನೆನಪಾಗದ ವಸ್ತು ಯಾವುದು ಎಂದು ಕೇಳಿದೆ. 'ಸೋಫಾ' ಎಂದ.

ಪಟ್ಟಿ ಬದಲಾಯಿತು. ಸೋಫಾದ ಜಾಗಕ್ಕೆ ಒಳ್ಳೆಯ ಕುರ್ಚಿ ಬಂತು, ಟೀವಿ ಯೂನಿಟ್ಟಿನ ಜಾಗಕ್ಕೆ ದಪ್ಪ ಬಟ್ಟೆಯ ಕರ್ಟನ್ನು. ನನ್ನ ಮಟ್ಟಿಗೆ ಮೊದಲ ಮನೆಯ ಲೆಕ್ಕಾಚಾರ ಇಷ್ಟೇ. ದಿನವೂ ಮೈಗೆ, ಕೈಗೆ, ಬೆನ್ನಿಗೆ ತಾಗುವ ವಸ್ತುವಿಗೆ ಧಾರಾಳವಾಗಿ ಖರ್ಚು ಮಾಡಿ. ಬಂದವರ ಕಣ್ಣಿಗೆಂದು ತರುವ ವಸ್ತುವನ್ನು ಮುಂದಕ್ಕೆ ಹಾಕಿ. ಆಫೀಸುಗಳು ಖಾಲಿ ಮಾಡಿದಾಗ ಮಾರಾಟಕ್ಕೆ ಬರುವ ಕುರ್ಚಿಗಳು ಬೆಂಗಳೂರಿನಲ್ಲಿ ಧಾರಾಳವಾಗಿ ಸಿಗುತ್ತವೆ. ಅಂಥದ್ದೊಂದನ್ನು 5,500ಕ್ಕೆ ತಂದ. ಕೂತು, ಒರಗಿ, ಎತ್ತರ ಏರಿಸಿ ಇಳಿಸಿ ಹತ್ತು ನಿಮಿಷ ನೋಡಿಯೇ ತರಬೇಕು. ಏರಿಸಿದ ಕುರ್ಚಿ ಕೂತಲ್ಲೇ ಮೆಲ್ಲಗೆ ಇಳಿಯುತ್ತಿದ್ದರೆ ಅದರ ಒಳಗಿನ ಗ್ಯಾಸ್ ಕೊಳವೆ ಹೋಗಿದೆ ಎಂದರ್ಥ.

ಮಂಚದ ವಿಷಯಕ್ಕೆ ಬಂದರೆ ಅಳತೆ ಮೊದಲು, ಆಸೆ ಆಮೇಲೆ. 10 ಅಡಿಗೆ 10 ಅಡಿಯ ರೂಮು ಎಂದರೆ 100 ಚದರಡಿ. ಕಿಂಗ್ ಸೈಜ್ ಹಾಸಿಗೆ 6 ಅಡಿಗೆ ಆರೂವರೆ, ಅಂದರೆ 39 ಚದರಡಿ. ಬೀರು ಇಟ್ಟು ಅದರ ಬಾಗಿಲು ತೆರೆಯಲು ಜಾಗ ಬಿಟ್ಟರೆ ಗಂಡ ಹೆಂಡತಿ ಒಬ್ಬರ ಹಿಂದೆ ಒಬ್ಬರು ಓಡಾಡಬೇಕು. 5 ಅಡಿ ಅಗಲದ ಕ್ವೀನ್ ಸೈಜಿಗೆ ಇಳಿದರೆ ಆ ಒಂದು ಅಡಿಯಲ್ಲಿ ನಡೆಯುವ ದಾರಿ ಹುಟ್ಟುತ್ತದೆ. ಹಾಸಿಗೆ, ಹಾಸು, ಹೊದಿಕೆ ಎಲ್ಲದರ ಬೆಲೆಯೂ ಇಳಿಯುತ್ತದೆ. ಶೋರೂಮಿನ ಮಂಚ ಮನೆಗೆ ಬಂದ ಮೇಲೆ ಬೆಳೆದಂತೆ ಕಾಣುವುದು ಶೋರೂಮಿನ ಸೂರು ಎತ್ತರವಾಗಿ, ನೆಲ ವಿಶಾಲವಾಗಿರುವುದರಿಂದ. ಅಂಗಡಿಗೆ ಹೋಗುವ ಮೊದಲೇ ಮಂಚದ ಅಳತೆಗೆ ಹಳೆ ಪೇಪರು ಜೋಡಿಸಿ ರೂಮಿನ ನೆಲದ ಮೇಲೆ ಹಾಸಿ ನೋಡಿ, ಅದರ ಸುತ್ತ ಒಂದು ದಿನ ಓಡಾಡಿ.

ಮಂಚ ಹಳೆಯದಾದರೂ ನಡೆದೀತು, ಹಾಸಿಗೆ ಮಾತ್ರ ಬೇಡ. ಹಾಸಿಗೆಯ ಹೊಲಿಗೆಯ ಸಂದಿಯಲ್ಲಿ ನಾಲ್ಕು ತಿಗಣೆ ಬಂದರೂ ಸಾಕು, ಆಮೇಲೆ ಅವನ್ನು ಓಡಿಸುವ ಖರ್ಚಿನಲ್ಲಿ ಹೊಸದೇ ಬರುತ್ತಿತ್ತು ಎನಿಸುತ್ತದೆ. ನಾನು ಚಿಕ್ಕವಳಿದ್ದಾಗ ಹತ್ತಿ ಹಿಂಜುವವರು ಬಿಲ್ಲಿನಂಥ ಉಪಕರಣ ಹೆಗಲ ಮೇಲಿಟ್ಟುಕೊಂಡು, ತಂತಿ ಮೀಟಿ ಸದ್ದು ಮಾಡುತ್ತ ಬೀದಿಗೆ ಬರುತ್ತಿದ್ದರು. ಗಂಟುಗಟ್ಟಿದ ಹಾಸಿಗೆ ಬಿಚ್ಚಿ ಹಿಂಜಿ ಮತ್ತೆ ಹೊಲಿದರೆ ಹೊಸದಾಯಿತು. ಬೂರುಗದ ಹತ್ತಿಯ ದಿಂಬು ಈಗಲೂ ಸಿಗುತ್ತದೆ, ಹಿಂಜುವವರು ಸಿಗುವುದು ಅಪರೂಪ. ಆಮೇಲೆ ಬಂದದ್ದು ತೆಂಗಿನ ನಾರಿಗೆ ರಬ್ಬರ್ ಸೇರಿಸಿದ ಹಾಸಿಗೆ. ನಮ್ಮ ಸೆಕೆಗೆ ಗಾಳಿಯಾಡುವ ನಾರು ಒಳ್ಳೆಯದು. ಮೇಲೆ ತೆಳುವಾಗಿ ಫೋಮ್ ಇದ್ದರೆ ಬೆನ್ನಿಗೂ ಹಿತ. ಇವರು ಕೊಂಡದ್ದು ಅಂಥದ್ದನ್ನೇ, 11,000ಕ್ಕೆ. ಪಟ್ಟಿಯಲ್ಲಿ ನಾನು ಚೌಕಾಸಿ ಮಾಡಲು ಬಿಡದ ಒಂದೇ ವಸ್ತು ಅದು.

ಮಂಚಕ್ಕೆ ಶಿವಾಜಿನಗರದ ಹಳೆ ಸಾಮಾನಿನ ಅಂಗಡಿಗಳಿಗೆ ಹೋದೆವು. ಒಂದರ ಮೇಲೊಂದು ಪೇರಿಸಿಟ್ಟ ಕುರ್ಚಿ, ಕನ್ನಡಿ ಬೀರು, ಬೆತ್ತ ಹರಿದ ಆರಾಮಕುರ್ಚಿಗಳ ನಡುವೆ ದೂಳು ಹೊದ್ದ ಮಂಚವೊಂದು ಗೋಡೆಗೊರಗಿತ್ತು. 'ಹೊನ್ನೆ ಮೇಡಂ, ಎತ್ತಿ ನೋಡಿ' ಎಂದರು ಅಂಗಡಿಯವರು. ಒಂದು ತುದಿ ಎತ್ತಲು ಇಬ್ಬರು ಬೇಕಾದರು. ಹಳೆ ಮರ ಕೊಳ್ಳುವಾಗ ಎದುರಿನ ಪಾಲಿಶ್ ನೋಡಿ ಮರುಳಾಗಬಾರದು. ಹಿಂಬದಿ ನೋಡಬೇಕು, ಕೆಳಗೆ ಬಗ್ಗಿ ನೋಡಬೇಕು, ಖಾನೆ ಇದ್ದರೆ ಪೂರ್ತಿ ಹೊರಗೆಳೆದು ಅದರ ತಳ ನೋಡಬೇಕು. ಪಾಲಿಶ್ ಕಾಣದ ಜಾಗದಲ್ಲಿ ಮರ ತನ್ನ ನಿಜವಾದ ಬಣ್ಣದಲ್ಲಿರುತ್ತದೆ. ಗುಂಡುಸೂಜಿ ಚುಚ್ಚಿದಂಥ ತೂತುಗಳಿದ್ದರೆ ಅದು ಕುಟ್ಟೆ ಹುಳದ ಕೆಲಸ. ಮುಷ್ಟಿಯಿಂದ ಗುದ್ದಿ ನೋಡಿ. ತೂತಿನಿಂದ ಬಿಳಿ ಹೊಸ ಪುಡಿ ಉದುರಿದರೆ ಹುಳ ಇನ್ನೂ ಒಳಗಿದೆ, ಆ ಮಂಚವನ್ನು ಬಿಟ್ಟು ಬನ್ನಿ. ಏನೂ ಉದುರದಿದ್ದರೆ ಹುಳ ಎಂದೋ ಊಟ ಮುಗಿಸಿ ಹೋಗಿದೆ, ಹಾಗಿದ್ದರೂ ಔಷಧಿ ಹೊಡೆಸುವುದು ಮೇಲು. ನಮ್ಮ ಮಂಚದ ಒಂದು ಕಾಲಲ್ಲಿ ಮೂರು ತೂತಿದ್ದವು, ಪುಡಿ ಬರಲಿಲ್ಲ. 11 ಸಾವಿರ ಹೇಳಿದ್ದು ಎಂಟೂವರೆಗೆ ಇಳಿಯಿತು. ಟೆಂಪೋಗೆ 1,200, ಪಾಲಿಶ್‌ಗೆ 1,500, ಒಡೆದ ಹಲಗೆಯ ಜಾಗಕ್ಕೆ ಪ್ಲೈವುಡ್ಡಿಗೆ 1,800. ಹಳೆ ಸಾಮಾನಿನ ಬೆಲೆ ಕೇಳುವಾಗ ಈ ಬಾಲವನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. ಒಟ್ಟು 13,000. ನಾಲ್ಕು ಬೋಲ್ಟು ಬಿಚ್ಚಿದರೆ ಮಂಚ ಪಟಪಟನೆ ಬಿಡಿಯಾಗುತ್ತದೆ, ಅದಕ್ಕೇ ಆ ಎರಡೂವರೆ ಅಡಿಯ ಮೆಟ್ಟಿಲು ಹತ್ತಿತು.

ಬಿಚ್ಚಿ ಜೋಡಿಸುವ ಈ ಗುಣಕ್ಕೆ ಬಾಡಿಗೆ ಮನೆಯವರು ಇನ್ನೂ ಹೆಚ್ಚು ಬೆಲೆ ಕೊಡಬೇಕು ಎಂದು ನಾನು ಕಲಿತದ್ದು ದಂಡ ತೆತ್ತು. 2011ರಲ್ಲಿ ವಿಜಯನಗರದ ನಮ್ಮ ಮೊದಲ ಬಾಡಿಗೆ ಮನೆಗೆ 14 ಸಾವಿರ ಕೊಟ್ಟು ನಾಲ್ಕು ಬಾಗಿಲ ವಾರ್ಡ್‌ರೋಬು ತಂದಿದ್ದೆವು. ಥೇಟ್ ತೇಗದ ಮರದಂತೆ ಕಾಣುತ್ತಿತ್ತು. ಎರಡು ವರ್ಷಕ್ಕೆ ಓನರು ಮನೆ ಬಿಡಿ ಎಂದರು. ಸಾಮಾನು ಸಾಗಿಸುವ ಹುಡುಗ ಬಾಗಿಲಿನ ಕೀಲಿನ ಸ್ಕ್ರೂ ಬಿಚ್ಚಿದಾಗ ತೂತಿನಿಂದ ಹುರಿದ ರವೆಯಂಥ ಪುಡಿ ಜರ್ರನೆ ಸುರಿಯಿತು. ಹೊಸ ಮನೆಯಲ್ಲಿ ಅದೇ ಸ್ಕ್ರೂ ಅದೇ ತೂತಿನಲ್ಲಿ ಗಿರಗಿರನೆ ತಿರುಗಿತೇ ಹೊರತು ಹಿಡಿಯಲಿಲ್ಲ. ಬಡಗಿ ಬಂದು ಬೆಂಕಿಕಡ್ಡಿ ಮುರಿದು ತೂತಿಗೆ ತುರುಕಿ, ಅಂಟು ಹಾಕಿ ನಿಲ್ಲಿಸಿಕೊಟ್ಟ. ಬಾತ್‌ರೂಮಿನ ಗೋಡೆಗೆ ತಾಗಿಕೊಂಡಿದ್ದ ಅದರ ತಳ ಮುಂದಿನ ಮಳೆಗಾಲಕ್ಕೆ ಕಾಫಿಯಲ್ಲಿ ಅದ್ದಿದ ರಸ್ಕಿನ ಹಾಗೆ ಉಬ್ಬಿತು. ಮೂರನೇ ಮನೆಗೆ ಅದು ಬರಲೇ ಇಲ್ಲ.

ಅದು ಪಾರ್ಟಿಕಲ್ ಬೋರ್ಡ್. ಮರದ ಚೂರುಗಳನ್ನು ಅಂಟಿನಲ್ಲಿ ಕಲಸಿ ಬಿಸಿಯಲ್ಲಿ ಒತ್ತಿ ಹಲಗೆ ಮಾಡಿ, ಮೇಲೆ ಮರದ ಚಿತ್ರದ ಹಾಳೆ ಅಂಟಿಸಿರುತ್ತಾರೆ. ಒಳಗೆ ಉದ್ದದ ನಾರು ಇಲ್ಲದ್ದರಿಂದ ಸ್ಕ್ರೂವಿಗೆ ಹಿಡಿತ ಸಿಗುವುದು ಮೊದಲ ಸಲ ಮಾತ್ರ. ನೀರು ಕುಡಿದರೆ ಚೂರುಗಳು ಉಬ್ಬುತ್ತವೆ, ಆಮೇಲೆ ಒಣಗಿದರೂ ಮೊದಲಿನಂತಾಗುವುದಿಲ್ಲ. ಎಂಡಿಎಫ್ ಮರದ ಇನ್ನೂ ನಯವಾದ, ಗಿಡ್ಡ ಎಳೆಗಳದು, ಮೇಲ್ಮೈ ಚೆನ್ನ, ನೀರೆಂದರೆ ಅದಕ್ಕೂ ಆಗದು. ಪ್ಲೈವುಡ್‌ನಲ್ಲಿ ಮರದ ತೆಳು ಪದರಗಳನ್ನು ಒಂದು ಅಡ್ಡ, ಒಂದು ಉದ್ದ ಎಂದು ನಾರು ಎದುರುಬದುರಾಗುವಂತೆ ಅಂಟಿಸುವುದರಿಂದ ಸ್ಕ್ರೂ ಕಚ್ಚಿ ಹಿಡಿಯುತ್ತದೆ. ಪ್ಲೈವುಡ್ ಮೇಲೆ ಐಎಸ್ 303 ಎಂದಿದ್ದರೆ ಒಳಾಂಗಣದ ಸಾಮಾನ್ಯ ಬಳಕೆಗೆ, ಐಎಸ್ 710 ಎಂದಿದ್ದರೆ ನೀರು ತಾಗುವ ಕಡೆಗೆ. ಪಾರ್ಟಿಕಲ್ ಬೋರ್ಡ್ ಕೊಳ್ಳಲೇಬಾರದು ಎಂದು ನಾನು ಹೇಳುತ್ತಿಲ್ಲ. ಒಣ ಗೋಡೆಗೆ ಒರಗಿಸಿ, ಇಟ್ಟ ಜಾಗದಲ್ಲೇ ಬಿಡುವಂತಿದ್ದರೆ ಆ ಬೆಲೆಗೆ ಅದು ಸರಿಯಾದ ಸಾಮಾನೇ. ಸ್ವಂತ ಮನೆಯವರಿಗೆ ಹೊಂದುತ್ತದೆ. ಹನ್ನೊಂದು ತಿಂಗಳ ಕರಾರುಪತ್ರದವರಿಗೆ ಹೊಂದುವುದಿಲ್ಲ.

ಕಾಲು ಬಿಚ್ಚುವ ಮೇಜಿಗೂ ಒಂದು ಕಥೆಯಿದೆ. 1956ರಲ್ಲಿ ಸ್ವೀಡನ್ನಿನ ಐಕಿಯಾದ ಗಿಲ್ಲಿಸ್ ಲುಂಡ್‌ಗ್ರೆನ್ ಎಂಬ ವಿನ್ಯಾಸಕಾರ ಮೇಜೊಂದನ್ನು ಕಾರಿನಲ್ಲಿ ಸಾಗಿಸಲು ಹೋಗಿ, ಅದು ಹಿಡಿಸದೆ, ಕಾಲುಗಳನ್ನೇ ಕಿತ್ತು ಹಲಗೆಯ ಕೆಳಗಿಟ್ಟ. ಚಪ್ಪಟೆ ಪೆಟ್ಟಿಗೆಯಲ್ಲಿ ಪೀಠೋಪಕರಣ ಮಾರುವ ಯೋಚನೆ ಅಲ್ಲಿಂದ ಬಲವಾಯಿತು. ಸಾಗಿಸುವ ಖರ್ಚು ಉಳಿಯಿತು, ಜೋಡಿಸುವ ಕೆಲಸ ಗಿರಾಕಿಗೆ ಬಂತು. 2022ರ ಜೂನ್‌ನಲ್ಲಿ ನಾಗಸಂದ್ರದಲ್ಲಿ ಆ ಕಂಪನಿಯ ಮಳಿಗೆ ತೆರೆದಾಗ ಮೆಟ್ರೋದಲ್ಲಿ ಬಂದ ಜನ ಸಾಲುಗಟ್ಟಿ ನಿಂತಿದ್ದರು. ನಮ್ಮವರೂ ಅಲ್ಲಿ ಒಂದು ಭಾನುವಾರ ಕಳೆದು ಬಂದರು. ತಂದದ್ದು ಒಂದು ಚಿಕ್ಕ ಮೇಜು, ಎರಡು ಬಲ್ಬು. ಅಷ್ಟು ಹೊತ್ತು ತಿರುಗಿಯೂ ಅಷ್ಟಕ್ಕೇ ನಿಲ್ಲಿಸಿದ್ದಕ್ಕೆ ನಾನು ಅಳಿಯನನ್ನು ಮನಸ್ಸಿನಲ್ಲೇ ಮೆಚ್ಚಿಕೊಂಡೆ.

ಬಟ್ಟೆಗೆ ಕಬ್ಬಿಣದ ಬೀರುವೇ ಸರಿ. ಗೋದ್ರೇಜ್ ಕಂಪನಿ ಉಕ್ಕಿನ ಬೀರು ಮಾಡತೊಡಗಿದ್ದು 1923ರಲ್ಲಿ. ಒಂದು ಶತಮಾನ ಕಳೆದರೂ, ಯಾರೇ ಮಾಡಿದ್ದಾದರೂ, ನಮ್ಮಲ್ಲಿ ಅದಕ್ಕೆ 'ಗಾಡ್ರೇಜ್' ಎಂದೇ ಹೆಸರು. ಊರೂರಿನ ಶೆಡ್ಡುಗಳಲ್ಲಿ ಮಾಡುವ ಬೀರುವೂ ಚೆನ್ನಾಗಿಯೇ ಇರುತ್ತದೆ. ತಗಡಿನ ಗೇಜ್ ಕೇಳಿ, ಅಂಕಿ ಚಿಕ್ಕದಾದಷ್ಟೂ ತಗಡು ದಪ್ಪ. ತೆರೆದ ಬಾಗಿಲನ್ನು ಮೆಲ್ಲಗೆ ಎತ್ತಿ ನೋಡಿ, ಅಲ್ಲಾಡಿದರೆ ಕೀಲು ಸವೆದಿದೆ. ಗೆದ್ದಲು ಇಲ್ಲ, ತಿಗಣೆ ಇಲ್ಲ, ಟೆಂಪೋದಲ್ಲಿ ಅಡ್ಡ ಮಲಗಿಸಿದರೂ ಜಪ್ಪಯ್ಯ ಎನ್ನುವುದಿಲ್ಲ. ಇವರಿಗೆ ಸಿಕ್ಕಿದ್ದು ಕನ್ನಡಿಯ ಮೂಲೆ ಒಡೆದದ್ದು, 6,500ಕ್ಕೆ.

ಅಡುಗೆಮನೆಗೆ ಮಾತ್ರ ತಿಪಟೂರಿನಿಂದ ನೆರವು ಬಂತು. ತವರಿನಲ್ಲಿ ಒಂದು ತಿಂಗಳು ಕೂತಿದ್ದ ಹುಡುಗಿ ಸಂಜೆ ಹೊತ್ತು ಅಜ್ಜಿಯ ಅಟ್ಟ ಹತ್ತಿ ಇಳಿದಿದ್ದಾಳೆ. ಬೀಡಿನ ದೋಸೆ ಹಂಚು, ಇಕ್ಕಳ, ಈಳಿಗೆ ಮಣೆ, ಮುಚ್ಚಳದ ಮೇಲೆ ತಾತನ ಹೆಸರು ಕೊರೆದ ಸ್ಟೀಲ್ ಡಬ್ಬಿಗಳು, ಹಿತ್ತಾಳೆಯ ಕೊಳಗ. ಜೊತೆಗೆ ಮದುವೆಯಲ್ಲಿ ಬಂದ ಮುಯ್ಯಿ: ಐದು ಗೋಡೆ ಗಡಿಯಾರ, ನಾಲ್ಕು ಡಿನ್ನರ್ ಸೆಟ್ಟು. ಮದುವೆಗೆ ಮೊದಲು 'ಏನು ಕೊಡ್ಲಿ?' ಎಂದು ಹತ್ತಿರದವರು ಕೇಳಿದಾಗ ಸಂಕೋಚ ಬಿಟ್ಟು ಕುಕ್ಕರ್ ಎನ್ನಿ, ಮಿಕ್ಸಿ ಎನ್ನಿ. ನಮ್ಮ ಹುಡುಗಿ 'ಏನೂ ಬೇಡ' ಎಂದಳು, ಗಡಿಯಾರ ಬಂತು.

ಪಾತ್ರೆ ಹೊಸದಾಗಿ ಕೊಳ್ಳುವವರು ಅಯಸ್ಕಾಂತ ಹಿಡಿದು ಅಂಗಡಿಗೆ ಹೋಗುವುದುಂಟು, ಅಂಟದಿದ್ದರೆ ಒಳ್ಳೆ ಸ್ಟೀಲ್ ಎಂದು. ಅದು ಅರ್ಧ ಸತ್ಯ. ಒಳ್ಳೆಯ 304 ದರ್ಜೆಗೆ ಅಯಸ್ಕಾಂತ ಅಂಟುವುದಿಲ್ಲ, ನಿಜ. ಅಗ್ಗದ 202ಕ್ಕೂ ಸಾಮಾನ್ಯವಾಗಿ ಅಂಟುವುದಿಲ್ಲ. ತೂಕ, ತಳದ ದಪ್ಪ, ಐಎಸ್‌ಐ ಗುರುತು ನೋಡಿ. ಕುಕ್ಕರಿಗಂತೂ ಆ ಗುರುತು ಇಲ್ಲದಿದ್ದರೆ ಮುಟ್ಟಲೇಬೇಡಿ.

ಗ್ಯಾಸಿಗೆ 14.2 ಕೆಜಿ ಸಿಲಿಂಡರಿನ ಠೇವಣಿ 2022ರ ಜೂನ್‌ನಿಂದ 2,200 ರೂಪಾಯಿ, ರೆಗ್ಯುಲೇಟರಿಗೆ 250. ಬಾಡಿಗೆ ಕರಾರು ಕೈಗೆ ಬರುವುದು ತಡವಾದರೆ ವಿಳಾಸದ ಪುರಾವೆ ಕೇಳದೆ, ಗುರುತಿನ ಚೀಟಿ ಮಾತ್ರ ನೋಡಿ ಕೊಡುವ 5 ಕೆಜಿ ಸಿಲಿಂಡರ್ ಇದೆ. ಇಬ್ಬರಿಗೆ ಒಂದಷ್ಟು ದಿನಕ್ಕೆ ಸಾಕು. ಠೇವಣಿಯ ಚೀಟಿ ಜೋಪಾನ ಮಾಡಿ. ಕನೆಕ್ಷನ್ ಹಿಂದಿರುಗಿಸಿದರೆ ಆ ದುಡ್ಡು ವಾಪಸ್ ಬರುತ್ತದೆ, ಚೀಟಿ ಕಳೆದರೆ ಓಡಾಟ.

ಫ್ರಿಜ್ಜು ಇಬ್ಬರಿಗೆ 190 ಲೀಟರಿನ ಒಂದೇ ಬಾಗಿಲಿನದು ಧಾರಾಳ. ಸ್ಟಾರ್ ಎಣಿಸಿ ಸುಮ್ಮನಾಗಬೇಡಿ. ಅದೇ ಲೇಬಲ್ಲಿನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದೂ, ಆ ಸ್ಟಾರ್ ಯಾವ ಅವಧಿಯದು ಎಂದೂ ಬರೆದಿರುತ್ತದೆ. ಅಳತೆಗೋಲು ಆಗಾಗ ಬಿಗಿಯಾಗುವುದರಿಂದ ಹಳೆಯ ಐದು ಸ್ಟಾರು ಇಂದಿನ ಮೂರು ಸ್ಟಾರಿಗೆ ಸಮನಾಗಿರಬಹುದು. ಗೃಹಜ್ಯೋತಿ ಇದೆಯಲ್ಲ, ಕರೆಂಟು ಪುಕ್ಕಟೆ ಎನ್ನುವವರು ಒಂದು ನೆನಪಿಡಬೇಕು: ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ.

ಪೀಠೋಪಕರಣವನ್ನು ತಿಂಗಳ ಬಾಡಿಗೆಗೆ ಕೊಡುವ ಕಂಪನಿಗಳೂ ಬೆಂಗಳೂರಿನಲ್ಲೇ ಹುಟ್ಟಿ ಬೆಳೆದಿವೆ. ವರ್ಷದೊಳಗೆ ಊರು ಬಿಡುವುದು ಖಚಿತವಿದ್ದರೆ ಒಳ್ಳೆಯ ದಾರಿ. ಅದಕ್ಕಿಂತ ಹೆಚ್ಚು ನಿಲ್ಲುವವರು ಗುಣಾಕಾರ ಮಾಡಿ ನೋಡಿ. ತಿಂಗಳಿಗೆ 1,500 ಎಂದರೆ ಎರಡು ವರ್ಷಕ್ಕೆ 36,000, ಕೊನೆಗೆ ಮಂಚ ಅವರದೇ.

ಹಾಲ್ ಏನಾಯಿತು ಎನ್ನುತ್ತೀರಾ? ನಮ್ಮ ಹಳೆಯ ಮನೆಗಳ ಪಡಸಾಲೆಯಲ್ಲಿ ಕುರ್ಚಿಗಳು ಎಷ್ಟಿದ್ದವು ನೆನಪು ಮಾಡಿಕೊಳ್ಳಿ. ಒಂದು ಬೆಂಚು, ಯಜಮಾನರ ಆರಾಮಕುರ್ಚಿ. ಉಳಿದದ್ದೆಲ್ಲ ಸುತ್ತಿ ಮೂಲೆಗೆ ನಿಲ್ಲಿಸುವ ಚಾಪೆ, ಊಟಕ್ಕೆ ಮಣೆ, ಬೀಗರು ಬಂದರೆ ಜಮಖಾನೆ. ಅದೇ ಜಾಗ ಹಗಲು ಹುಣಸೆಹಣ್ಣು ಬಿಡಿಸಲು, ರಾತ್ರಿ ಹತ್ತು ಜನ ಮಲಗಲು. ಸೋಫಾ ಬಂದ ಮೇಲೆ ಹಾಲ್ ಸೋಫಾದ ಕೋಣೆಯಾಯಿತು. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆ ಸೀರೆ, ಧೋತರ ಸೇರಿಸಿ ಹೆಣ್ಣುಮಕ್ಕಳು ಹೊಲಿಯುವ ಕೌದಿಗಿಂತ ಅಗ್ಗದ, ಬೆಚ್ಚಗಿನ ಹಾಸು ಹೊದಿಕೆಯನ್ನು ನಾನಂತೂ ಕಂಡಿಲ್ಲ. ಈಗ ಅದನ್ನು ಪೇಟೆಯ ಅಂಗಡಿಯಲ್ಲಿ ಕರಕುಶಲ ಎಂದು ದುಬಾರಿಗೆ ಮಾರುತ್ತಾರೆ, ಇರಲಿ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಣ್ಣುಮಕ್ಕಳು ನೇಯುವ ಹತ್ತಿಯ ಜಮಖಾನೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ನವಿಲು, ಪಗಡೆ ಹಾಸಿನ ವಿನ್ಯಾಸ ಅದರ ಗುರುತು. ಇವರ ಮನೆಗೆ 3,000ಕ್ಕೆ ಒಂದು ಚಿಕ್ಕ ಜಮಖಾನೆ ಬಂತು. ಮೊಣಕಾಲು ನೋವಿರುವ ಅಜ್ಜಿಗೆಂದು ಕೈಯಿರುವ ಎರಡು ಪ್ಲಾಸ್ಟಿಕ್ ಕುರ್ಚಿ.

ಎಲ್ಲ ಸೇರಿ 76 ಸಾವಿರ ಚಿಲ್ಲರೆ ಆಯಿತು. ಕಂತು ಇಲ್ಲ. ದೀಪಾವಳಿಗೆ ನಾನು ಹೋದಾಗ ಹಾಲ್‌ನಲ್ಲಿ ಸೋಫಾ ಇರಲಿಲ್ಲ, ಎಂಟು ಜನ ಸಾಲಾಗಿ ಕೂತು ಊಟ ಮಾಡಿದೆವು. ನಮ್ಮಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, 'ಒಂದು ಸೋಫಾನೂ ಇಲ್ವಲ್ಲೇ' ಎಂದು ಎರಡು ಸಲ ಹೇಳಿದರು.

ನೀವು ಈಗ ತಾನೇ ಮನೆ ಹಿಡಿದಿದ್ದರೆ ಮೊದಲು ಕೊಳ್ಳಬೇಕಾದ ಸಾಮಾನು ಅಳತೆ ಟೇಪು. 5 ಮೀಟರಿನದು ಸಾಕು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಬಾಗಿಲು ಅಳೆಯುವಾಗ ಚೌಕಟ್ಟಿನ ಒಳಗಿನಿಂದ ಒಳಕ್ಕೆ ಅಳೆಯಿರಿ, ಮೆಟ್ಟಿಲಿನ ತಿರುವನ್ನೂ ಮರೆಯಬೇಡಿ.